ಗುಂಪಿನೊಳಗಿನ ಗಟ್ಟಿಗ

ಯಲ್ಲಾಪುರ ತಾಲೂಕಿನ ನಂದೊಳ್ಳಿಯಿಂದ ಓರ್ವ ಸೋದರಿಯವರು ಈ ಪುಟಕ್ಕೆ ದೀರ್ಘವಾದ ಪತ್ರವೊಂದನ್ನು ಬರೆದಿರುತ್ತಾರೆ. ಹೆಸರನ್ನು ಬಿಟ್ಟು ಅದರ ಸಾರವನ್ನಷ್ಟೇ ಇಲ್ಲಿ ಕೊಡುತ್ತೇವೆ; ಏಕೆಂದರೆ ಅವರ ಮನೆಯ ಚಿಂತೆಯು ಇಂದು ಘಟ್ಟದ ಮೇಲಿನ ಅನೇಕ ಮನೆಗಳ ಚಿಂತೆಯಾಗಿದೆ.

ಅವರ ಮಗಳು ಇಂಜಿನಿಯರಿಂಗ್ ಓದಿ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ನಾಲ್ಕು ವರ್ಷಗಳಿಂದ ಉದ್ಯೋಗದಲ್ಲಿರುವಳು. ತಿಂಗಳಿನಲ್ಲಿ ಕೆಲವು ದಿನ ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುವ ರೂಢಿ. ಅವಳ ಗುಂಪಿನಲ್ಲಿ ಎಂಟು ಮಂದಿ. ಅವರಲ್ಲಿ ಒಬ್ಬನು ನಾಲ್ವರ ಕೆಲಸವನ್ನು ತಾನೊಬ್ಬನೇ ಮಾಡಬಲ್ಲ ಗಟ್ಟಿಗ, ಮೇಲಿನವರ ಕಣ್ಮಣಿ. ಆದರೆ ಸಭೆಯಲ್ಲಿ ಅವನು ಬಾಯ್ದೆರೆದನೆಂದರೆ ಉಳಿದ ಏಳು ಬಾಯಿಗಳು ಮುಚ್ಚುತ್ತವೆ. ಮಗಳು ಮೂರು ವಾರ ಕಷ್ಟಪಟ್ಟು ಬರೆದ ಭಾಗವೊಂದನ್ನು ಅವನು ಒಂದೇ ರಾತ್ರಿಯಲ್ಲಿ ಅಳಿಸಿ, ಹೊಸದಾಗಿ ಬರೆದಿಟ್ಟನು. ಅವಳಿಗೊಂದು ಮಾತನ್ನೂ ಹೇಳಲಿಲ್ಲ. "ಬೆಳಿಗ್ಗೆ ನೋಡಿದರೆ ಅವನು ಬರೆದುದು ನನ್ನದಕ್ಕಿಂತ ಚೆನ್ನಾಗಿಯೇ ಇತ್ತು, ಆಯಿ" ಎಂದು ಮಗಳು ಹೇಳಿದಳಂತೆ. ತಾಯಿಗೆ ಹೆಚ್ಚು ನೋವಾದುದು ಈ ಮಾತಿನಿಂದಲೇ. ಮೊದಲೆಲ್ಲ ಪಕ್ಕದ ಕೋಣೆಯಿಂದ ಅವಳ ದನಿ ಕೇಳಿಸುತ್ತಿತ್ತು. ಈಗ ಒಂದು ತಾಸಿನ ಸಭೆಯಲ್ಲಿ ಅವಳದೊಂದು ಶಬ್ದವೂ ಕೇಳಿಸದು. ಅಪ್ಪಯ್ಯನವರು "ಸಹಿಸಿಕೋ" ಎನ್ನುತ್ತಾರೆ. ಸೋದರಮಾವನವರು "ಬಿಟ್ಟು ಬಾ" ಎನ್ನುತ್ತಾರೆ. ಅವಳು ರಾಜೀನಾಮೆಯ ಪತ್ರವನ್ನು ಬರೆದಿಟ್ಟಿದ್ದಾಳೆ, ಇನ್ನೂ ಕಳುಹಿಸಿಲ್ಲ. ಏನು ಮಾಡತಕ್ಕದ್ದೆಂಬುದು ತಾಯಿಯವರ ಪ್ರಶ್ನೆ.

ಪ್ರಶ್ನೆಯು ಸಣ್ಣದಲ್ಲ. ಒಂದು ಕಡೆ ಅನ್ನದ ಮಾತು, ಇನ್ನೊಂದು ಕಡೆ ಮಾನದ ಮಾತು. ಆದುದರಿಂದ ಸ್ವಲ್ಪ ಸಾವಧಾನವಾಗಿ ವಿಚಾರಿಸೋಣ.

ಮೊದಲು ಆ ಗಟ್ಟಿಗನಿಗೆ ನ್ಯಾಯವನ್ನು ಸಲ್ಲಿಸಬೇಕು. ಸಾಮರ್ಥ್ಯವು ಎಲ್ಲರಲ್ಲಿಯೂ ಸಮನಾಗಿರುವುದಿಲ್ಲವೆಂಬುದು ಲೋಕಾನುಭವ. ಕಂಪ್ಯೂಟರಿನ ಕೆಲಸದಲ್ಲಿ ಈ ಅಂತರವು ಮತ್ತಷ್ಟು ಎದ್ದು ಕಾಣುತ್ತದೆ. ೧೯೬೮ರಲ್ಲಿ ಸ್ಯಾಕ್‌ಮನ್, ಎರಿಕ್ಸನ್, ಗ್ರಾಂಟ್ ಎಂಬ ಮೂವರು ಅಮೇರಿಕೆಯ ಸಂಶೋಧಕರು ಅನುಭವಸ್ಥ ಪ್ರೋಗ್ರಾಮರುಗಳನ್ನು ಪರೀಕ್ಷಿಸಿ, ಕೆಲವು ಕೆಲಸಗಳಲ್ಲಿ ಒಬ್ಬನಿಗೂ ಇನ್ನೊಬ್ಬನಿಗೂ ಇಪ್ಪತ್ತು ಪಟ್ಟಿಗೂ ಮಿಕ್ಕ ಅಂತರವನ್ನು ಕಂಡರು. ಆ ಲೆಕ್ಕವು ಅತಿಯಾಯಿತೆಂದು ಮುಂದಿನವರು ತಿದ್ದಿದರೂ, ಅಂತರವೇ ಇಲ್ಲವೆಂದು ಹೇಳಿದವರಿಲ್ಲ. ಹೀಗಿರುವಲ್ಲಿ ಸಮರ್ಥನನ್ನು ಕಂಡು ಕರುಬುವುದಾಗಲಿ, ಅವನನ್ನು ಎಲ್ಲರ ಮಟ್ಟಕ್ಕೆ ಎಳೆದು ತರಬೇಕೆನ್ನುವುದಾಗಲಿ ಸಲ್ಲದು. ಅವನ ಕೆಲಸವು ಚೆನ್ನಾಗಿತ್ತೆಂದು ಒಪ್ಪಿದ ಆ ಹುಡುಗಿಯ ಸತ್ಯನಿಷ್ಠೆಯೇ ಅವಳ ಯೋಗ್ಯತೆಗೆ ಸಾಕ್ಷಿಯಾಗಿದೆ. ಚೆನ್ನಾಗಿರುವುದನ್ನು ಚೆನ್ನಾಗಿದೆಯೆಂದು ಗುರುತಿಸಬಲ್ಲವಳು ಅದನ್ನು ಕಲಿಯಲೂ ಬಲ್ಲಳು. ಕಲಿಸುವ ಮನಸ್ಸು ಎದುರಿಗಿರಬೇಕಷ್ಟೆ.

ಇನ್ನು ಪ್ರಶ್ನೆಯ ಎರಡನೆಯ ಮುಖ. ಆ ಒಬ್ಬನ ವೇಗವು ನಿಜವಾಗಿ ಅವನೊಬ್ಬನದೇ ಏನು?

ನಂದೊಳ್ಳಿಯವರಿಗೆ ಅಡಿಕೆಯ ಕೊಯ್ಲನ್ನು ವರ್ಣಿಸಿ ಹೇಳಬೇಕಾದುದಿಲ್ಲ. ಕೊನೆಗೌಡನು ಮರವನ್ನೇರಿ, ತುದಿಯಲ್ಲಿ ಮರವನ್ನು ಬಾಗಿಸಿ ಮುಂದಿನ ಮರಕ್ಕೆ ದಾಟುತ್ತ ಕೊನೆಯನ್ನು ಕೊಯ್ಯುವ ಚಾತುರ್ಯವು ನೋಡುವವರ ಎದೆಯನ್ನು ನಡುಗಿಸುವಂಥದು. ಅವನಂಥವರು ಈಗ ವಿರಳರಾಗಿದ್ದಾರೆ. ಅವನು ಬರುವ ದಿನಕ್ಕಾಗಿ ತೋಟದ ಒಡೆಯರು ಕಾದು ಕುಳಿತಿರುವುದೂ ಉಂಟು. ಆದರೆ ಮೇಲಿನಿಂದ ಹಗ್ಗದಲ್ಲಿ ಜಾರಿ ಬರುವ ಕೊನೆಯನ್ನು ಕೆಳಗೆ ನಿಂತು ಹದವರಿತು ಹಿಡಿಯುವವನೊಬ್ಬನಿರುತ್ತಾನೆ. ಅವನ ಕೈ ತಪ್ಪಿದರೆ ಕಾಯಿಗಳು ಉದುರಿ ತೋಟದ ತುಂಬ ಚೆಲ್ಲುತ್ತವೆ. ಉದುರಿದುದನ್ನು ಹೆಕ್ಕುವವರು, ಹೊತ್ತು ಮನೆಗೆ ತರುವವರು, ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುವವರು, ಹಂಡೆಯ ಮುಂದೆ ಬೇಯಿಸುವವರು, ಅಟ್ಟದ ಮೇಲೆ ಒಣಗಿಸುವವರು, ಇವರೆಲ್ಲರ ಕೈ ದಾಟಿದ ಬಳಿಕವೇ ಅದು ಪೇಟೆಗೆ ಹೋಗುವ ಅಡಿಕೆಯಾಗುತ್ತದೆ. ಕೊನೆಗೌಡನು ಒಂದು ದಿನದಲ್ಲಿ ಎಷ್ಟು ಮರ ಕೊಯ್ದನೆಂಬುದನ್ನು ಮಾತ್ರ ಎಣಿಸಿ, ಹಗ್ಗ ಹಿಡಿದವನನ್ನು ಮರೆಯುವ ಯಜಮಾನನಿಗೆ ತೋಟದ ಲೆಕ್ಕ ತಿಳಿಯದೆಂದೇ ಹೇಳಬೇಕು.

ಸಾಫ್ಟ್‌ವೇರಿನ ಕೆಲಸವೂ ಹೀಗೆಯೇ. ಅದು ಕಂಪ್ಯೂಟರಿಗೆ ಹೆಜ್ಜೆಹೆಜ್ಜೆಯಾಗಿ ಕೊಡತಕ್ಕ ಆಜ್ಞೆಗಳ ಬರವಣಿಗೆ. ಸಾವಿರಾರು ಸಾಲುಗಳ ಆ ಬರವಣಿಗೆಯಲ್ಲಿ ಒಬ್ಬರು ಬರೆದುದರ ಮೇಲೆ ಇನ್ನೊಬ್ಬರು ಕಟ್ಟುತ್ತಾರೆ. ವರ್ಷಗಳ ತರುವಾಯ ಮತ್ತಾರೋ ಬಂದು ಅದನ್ನು ತಿದ್ದುತ್ತಾರೆ. ಒಂದು ಸಾಲನ್ನು ಏಕೆ ಹಾಗೆ ಬರೆಯಲಾಯಿತೆಂಬ ಕಾರಣವು ಬರೆದವನ ತಲೆಯಲ್ಲಿ ಮಾತ್ರ ಉಳಿದರೆ, ಅವನಿಗೆ ಜ್ವರ ಬಂದ ದಿನ ಇಡಿಯ ಕೆಲಸವೇ ಮಲಗುತ್ತದೆ. ಆ ರಾತ್ರಿ ಅವನು ಬರೆದುದು ಚೆನ್ನಾಗಿತ್ತೆಂಬುದು ನಿಜ. ಆದರೆ ಬೆಳಗಾದಾಗ ಆ ಭಾಗವನ್ನು ಬಲ್ಲವರ ಸಂಖ್ಯೆಯು ಒಂದೇ ಆಗಿತ್ತೆಂಬುದೂ ನಿಜ. ಅವಳಿಗೆ ಹತ್ತು ಮಾತಿನಲ್ಲಿ ದಾರಿ ತೋರಿ ಅವಳ ಕೈಯಿಂದಲೇ ತಿದ್ದಿಸಿದ್ದರೆ, ಬಲ್ಲವರು ಇಬ್ಬರಾಗುತ್ತಿದ್ದರು. ಇತರರ ಕೈಗಿಳಿಯದ ಸಾಮರ್ಥ್ಯವು ಗುಂಪಿಗೆ ಆಸ್ತಿಯಲ್ಲ, ಸಾಲ. ಕೈಯಲ್ಲಿ ಹಣವಿದ್ದಂತೆ ತೋರುತ್ತದೆ. ತೀರಿಸುವ ದಿನ ಬಂದಾಗಲೇ ಅದರ ಭಾರ ಗೊತ್ತಾಗುವುದು.

ಇದು ನಮ್ಮ ಕಲ್ಪನೆಯಲ್ಲ. ಜೆರಾಲ್ಡ್ ವೈನ್‌ಬರ್ಗ್ ಎಂಬವರು ೧೯೭೧ರಲ್ಲಿಯೇ ಪ್ರೋಗ್ರಾಮರುಗಳ ಮನೋಧರ್ಮವನ್ನು ಕುರಿತು ಗ್ರಂಥವೊಂದನ್ನು ಬರೆದು, ತಾನು ಬರೆದುದನ್ನು ತನ್ನ ದೇಹದ ಒಂದು ಅಂಗವೆಂಬಂತೆ ಕಾಯುವವನಿಗೆ ಅದರಲ್ಲಿಯ ದೋಷ ಕಾಣಿಸದೆಂದೂ, ಒಬ್ಬರು ಬರೆದುದನ್ನು ಇನ್ನೊಬ್ಬರು ಓದುವುದರಿಂದಲೇ ಕೆಲಸವು ಶುದ್ಧವಾಗುವುದೆಂದೂ ವಾದಿಸಿದರು. ಅಹಂಕಾರವನ್ನು ಬಿಟ್ಟು ಬರೆಯಬೇಕೆಂಬುದೇ ಅವರ ತಾತ್ಪರ್ಯ. ಇಂದು ಒಳ್ಳೆಯ ಗುಂಪುಗಳಲ್ಲೆಲ್ಲ ಒಬ್ಬರ ಬರವಣಿಗೆಯನ್ನು ಇನ್ನೊಬ್ಬರು ಓದಿ ಒಪ್ಪದೆ ಒಳಗೆ ಸೇರಿಸಕೂಡದೆಂಬ ನಿಯಮವಿದೆ. ಗಟ್ಟಿಗನೊಬ್ಬನಿಗೆ ಆ ನಿಯಮದಿಂದ ವಿನಾಯಿತಿ ದೊರೆತಲ್ಲಿಯೇ ಕೇಡು ಮೊದಲಾಗುತ್ತದೆ.

ಎರಡನೆಯ ಕೇಡು ಮೌನ. ಹಾರ್ವರ್ಡಿನ ಏಮಿ ಎಡ್ಮಂಡ್‌ಸನ್ ಎಂಬ ವಿದುಷಿಯರು ೧೯೯೦ರ ದಶಕದಲ್ಲಿ ಆಸ್ಪತ್ರೆಗಳಲ್ಲಿಯ ಶುಶ್ರೂಷಕರ ತಂಡಗಳನ್ನು ಅಭ್ಯಾಸ ಮಾಡಿದಾಗ ಆಶ್ಚರ್ಯವೊಂದನ್ನು ಕಂಡರು. ಉತ್ತಮ ಮುಖಂಡರಿದ್ದ ತಂಡಗಳಲ್ಲಿಯೇ ಔಷಧ ಕೊಡುವುದರಲ್ಲಿ ಆದ ತಪ್ಪುಗಳು ಹೆಚ್ಚಾಗಿ ದಾಖಲಾಗಿದ್ದವು! ವಿಚಾರಿಸಿದಾಗ ತಿಳಿದುದಿಷ್ಟು: ಅಲ್ಲಿಯ ದಾದಿಯರು ತಪ್ಪಿದುದನ್ನು ಹೇಳಲು ಅಂಜುತ್ತಿರಲಿಲ್ಲ, ಬೇರೆಡೆಯವರು ಅಂಜಿ ಮುಚ್ಚಿಡುತ್ತಿದ್ದರು. ಎಂಟು ಮಂದಿಯ ಸಭೆಯಲ್ಲಿ ಏಳು ಮಂದಿ ಸುಮ್ಮನಿರುವುದು ಒಪ್ಪಿಗೆಯ ಲಕ್ಷಣವಲ್ಲ. ಯಾರೋ ಒಬ್ಬರ ಕಣ್ಣಿಗೆ ಬಿದ್ದ ಬಿರುಕು ಬಾಯಿಗೆ ಬರದೆ ಉಳಿಯಿತೆಂದೇ ಅದರ ಅರ್ಥವಾಗಿರಬಹುದು.

ತಾಳಮದ್ದಳೆಯ ರುಚಿಯನ್ನು ಕಂಡವರಿಗೆ ಈ ವಿಷಯವು ಬೇಗನೆ ಮನದಟ್ಟಾಗುವುದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯವನ್ನು ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲಿಯೇ ಆಶುವಾಗಿ ಮಾತನಾಡುತ್ತಾರೆ. ಕೃಷ್ಣಸಂಧಾನದ ಪ್ರಸಂಗದಲ್ಲಿ ಕೃಷ್ಣನ ಅರ್ಥ ಹೇಳುವವನು ಎಂಥ ಪಂಡಿತನಾದರೂ, ಕೌರವನಿಗೆ ಉತ್ತರ ಕೊಡಲು ಎಡೆಯನ್ನೇ ಕೊಡದಿದ್ದರೆ ಪ್ರಸಂಗವು ಕೆಡುತ್ತದೆ. ಕೌರವನ ವಾದವು ಗಟ್ಟಿಯಾದಷ್ಟೂ ಕೃಷ್ಣನ ಮಾತಿಗೆ ಬೆಲೆ. ಮಾತು ಹದ್ದು ಮೀರಿದಾಗ ಭಾಗವತರು ಜಗಳಕ್ಕೆ ಹೋಗುವುದಿಲ್ಲ; ಮುಂದಿನ ಪದ್ಯವನ್ನು ಎತ್ತಿಕೊಳ್ಳುತ್ತಾರೆ. ತಾಳ ಬಿದ್ದ ಕೂಡಲೇ ಎಂಥ ವಾಗ್ಮಿಯೂ ಸುಮ್ಮನಾಗಬೇಕು. ಯಾವ ಗುಂಪಿನಲ್ಲಿ ಭಾಗವತನಿಲ್ಲವೋ, ಅಥವಾ ಇದ್ದೂ ತಾಳವನ್ನು ಕೆಳಗಿಟ್ಟಿರುವನೋ, ಆ ಗುಂಪಿನಲ್ಲಿ ದೊಡ್ಡ ದನಿಯದೇ ರಾಜ್ಯ. ಆದುದರಿಂದ ಇಲ್ಲಿ ತಪ್ಪು ಆ ಗಟ್ಟಿಗನೊಬ್ಬನದೇ ಅಲ್ಲ; ಕೆಲಸ ಬೇಗನೆ ಆಗುತ್ತಿದೆಯಲ್ಲ ಎಂದು ಕಣ್ಮುಚ್ಚಿ ಕುಳಿತ ಮ್ಯಾನೇಜರನ ಪಾಲು ಹೆಚ್ಚಿನದು.

ಸಾಮರ್ಥ್ಯವು ಕೈಯಿಂದ ಕೈಗೆ ಇಳಿದರೆ ಏನಾಗುವುದೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ನಿದರ್ಶನವುಂಟು. ಹೊನ್ನಾವರ ತಾಲೂಕಿನ ಕೆರೆಮನೆಯ ಶಿವರಾಮ ಹೆಗಡೆಯವರು ೧೯೩೪ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದರು. ಅವರು ಸ್ವತಃ ಮಹಾಕಲಾವಿದರು. ಮೇಳವು ಅವರೊಬ್ಬರ ಕೀರ್ತಿಯ ಮೇಲೆ ನಿಂತಿದ್ದರೆ ಅವರೊಡನೆಯೇ ಮುಗಿಯುತ್ತಿತ್ತು. ಅವರ ಮಗ ಶಂಭು ಹೆಗಡೆಯವರು, ತಾವೂ ಮೇರು ನಟರಾಗಿದ್ದು, ೧೯೮೬ರಲ್ಲಿ ಗುಣವಂತೆಯಲ್ಲಿ ಯಕ್ಷಗಾನವನ್ನು ಕಲಿಸುವ ಕೇಂದ್ರವನ್ನೇ ತೆರೆದರು. ೨೦೦೯ರಲ್ಲಿ ಅವರು ತೀರಿಕೊಂಡ ಮೇಲೆಯೂ ಮೇಳವು ಮುಂದಿನ ತಲೆಮಾರಿನ ಕೈಯಲ್ಲಿ ನಡೆದು ಬಂದಿದೆ. ನಟನು ದೊಡ್ಡವನಾಗಿಯೂ ಮೇಳವನ್ನು ಚಿಕ್ಕದಾಗಿಸದಿರುವ ದಾರಿಯಿದು.

ಸಾಫ್ಟ್‌ವೇರಿನ ಲೋಕದಲ್ಲಿಯೂ ಇದನ್ನು ಕಲಿತವರಿದ್ದಾರೆ. ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಎಂಬವರು ೧೯೯೧ರಲ್ಲಿ ಲಿನಕ್ಸ್ ಎಂಬ ಮಹಾಕಾರ್ಯವನ್ನು ಆರಂಭಿಸಿದರು. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನುಗಳ ತಳಹದಿಯೂ ಅದೇ. ಅವರ ಪ್ರತಿಭೆಯಷ್ಟೇ ಅವರ ನಾಲಿಗೆಯ ಕಟುತ್ವವೂ ಪ್ರಸಿದ್ಧವಾಗಿತ್ತು. ೨೦೧೮ರ ಸೆಪ್ಟೆಂಬರಿನಲ್ಲಿ ಅವರು ತಮ್ಮ ನಡತೆಗಾಗಿ ಬಹಿರಂಗವಾಗಿ ಕ್ಷಮೆ ಬೇಡಿ, ಕೆಲವು ವಾರಗಳ ಮಟ್ಟಿಗೆ ಕೆಲಸದಿಂದ ದೂರ ಸರಿದರು. ಆ ವಾರಗಳಲ್ಲಿ ಅವರ ಜೊತೆಯವರು ಭಾರವನ್ನು ಹೊತ್ತರು, ಕೆಲಸವು ನಿಲ್ಲಲಿಲ್ಲ. ಅದೇ ವರ್ಷ ಜುಲೈಯಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜನಕರಾದ ಗೀಡೋ ವಾನ್ ರೋಸಮ್ ಅವರು, ತೀವ್ರವಾದ ವಾದವಿವಾದವೊಂದರ ತರುವಾಯ, ಕೊನೆಯ ಮಾತು ತನ್ನದೆಂಬ ಅಧಿಕಾರವನ್ನು ತಾವೇ ತ್ಯಜಿಸಿದರು. ೨೦೧೯ರ ಆರಂಭದಲ್ಲಿ ಐವರ ಸಮಿತಿಯು ಮತದಿಂದ ಆಯ್ಕೆಯಾಯಿತು. ಐವರಲ್ಲಿ ಒಬ್ಬರಾಗಿ ಅವರೂ ಕುಳಿತರು. ಜಗತ್ತೇ ಬಲ್ಲ ಗಟ್ಟಿಗರಿಗೆ ಇದು ಸಾಧ್ಯವಾಗಿರುವಾಗ, ಎಂಟು ಮಂದಿಯ ಗುಂಪಿನೊಳಗಿನವನಿಗೆ ಅಸಾಧ್ಯವೆಂದು ಮೊದಲೇ ತೀರ್ಮಾನಿಸುವುದೇಕೆ?

ಈಗ ನಂದೊಳ್ಳಿಯ ಮಗಳು ಮಾಡತಕ್ಕುದನ್ನು ಹೇಳುವೆವು.

ಪ್ರಥಮತಃ, ಅವನು ಯಾವ ಬಗೆಯ ಮನುಷ್ಯನೆಂಬುದನ್ನು ಅವಳು ಸಮಾಧಾನಚಿತ್ತದಿಂದ ಪರೀಕ್ಷಿಸಲಿ. ಮಾತು ಒರಟಾದ ಮಾತ್ರಕ್ಕೆ ಮನಸ್ಸು ಕೆಟ್ಟದ್ದೆಂದು ಹೇಳಲಾಗದು. ಮೂರು ಪ್ರಶ್ನೆಗಳು ಸಾಕು. ತಾನು ತಪ್ಪಿದೆನೆಂದು ಆಧಾರಸಹಿತವಾಗಿ ತೋರಿಸಿದರೆ ಅವನು ಒಪ್ಪುವನೇ? ಕೇಳಿದರೆ ಕಾರಣವನ್ನು ವಿವರಿಸುವನೇ? ಅವನು ರಜೆಯಲ್ಲಿದ್ದಾಗ ಕೆಲಸವು ನಡೆಯುವಂತೆ ಏನನ್ನಾದರೂ ಬರೆದಿಟ್ಟು ಹೋಗುವನೇ? ಮೂರರಲ್ಲಿ ಒಂದಕ್ಕಾದರೂ ಹೌದೆಂಬ ಉತ್ತರ ಬಂದರೆ, ಆ ಮನುಷ್ಯನೊಡನೆ ಬಾಳಬಹುದು.

ಎರಡನೆಯದಾಗಿ, ಅವನೊಡನೆ ಏಕಾಂತದಲ್ಲಿ ಮಾತನಾಡಲಿ, ಸಭೆಯಲ್ಲಲ್ಲ. ಅವನ ಸ್ವಭಾವವನ್ನು ಎತ್ತದೆ, ನಡೆದ ಒಂದೇ ಸಂಗತಿಯನ್ನು ಹೇಳಲಿ. "ನೀವು ಅಹಂಕಾರಿಗಳು" ಎಂದರೆ ಜಗಳ. "ನೀವು ಬರೆದುದು ನನ್ನದಕ್ಕಿಂತ ಚೆನ್ನಾಗಿದೆ. ಆದರೆ ನನಗೆ ತಿಳಿಸದೆ ಬದಲಿಸಿದುದರಿಂದ ನಾನು ಏನನ್ನೂ ಕಲಿಯಲಿಲ್ಲ. ನಾಳೆ ಅದು ಕೆಟ್ಟರೆ ನೋಡಲು ನೀವೊಬ್ಬರೇ ಆಗುತ್ತೀರಿ. ಮುಂದಿನ ಸಲ ದೋಷವನ್ನು ನನಗೆ ತೋರಿಸಿ, ನಾನೇ ತಿದ್ದುತ್ತೇನೆ" ಎಂದರೆ ಅದು ಕೆಲಸದ ಮಾತು. ಇಂಥ ಮಾತಿಗೆ ಮಣಿಯುವ ಗಟ್ಟಿಗರು ನಾವೆಣಿಸುವುದಕ್ಕಿಂತ ಹೆಚ್ಚಾಗಿದ್ದಾರೆ. ತನ್ನ ನಡತೆಯಿಂದ ನೋವಾಗುತ್ತಿದೆಯೆಂದು ಅವರಿಗೆ ಯಾರೂ ಹೇಳಿಯೇ ಇರುವುದಿಲ್ಲ.

ಮೂರನೆಯದಾಗಿ, ಇದರಿಂದ ಫಲವಾಗದಿದ್ದರೆ ಮ್ಯಾನೇಜರನಲ್ಲಿಗೆ ಹೋಗಲಿ. ಆದರೆ ದೂರನ್ನಲ್ಲ, ನಿಯಮವನ್ನು ಹೊತ್ತುಕೊಂಡು ಹೋಗಲಿ. ಯಾರ ಬರವಣಿಗೆಯೂ, ಅವನದೂ ಸಹ, ಇನ್ನೊಬ್ಬರು ಓದದೆ ಒಳಗೆ ಸೇರಕೂಡದು; ಒಬ್ಬರ ಭಾಗವನ್ನು ಇನ್ನೊಬ್ಬರು ಬದಲಿಸುವಾಗ ಮೊದಲು ತಿಳಿಸತಕ್ಕದ್ದು; ಮುಖ್ಯವಾದ ಪ್ರತಿಯೊಂದು ಭಾಗವನ್ನೂ ಇಬ್ಬರಾದರೂ ಬಲ್ಲವರಾಗಿರತಕ್ಕದ್ದು; ಸಭೆಯಲ್ಲಿ ಕಿರಿಯರ ಅಭಿಪ್ರಾಯವನ್ನು ಮೊದಲು ಕೇಳತಕ್ಕದ್ದು. ನಿಯಮವು ಎಲ್ಲರಿಗೂ ಒಂದೇ ಆದಾಗ ಅದು ಯಾರ ಮೇಲಿನ ದ್ವೇಷವೂ ಅಲ್ಲ. ಹೇಳಿದ ಮಾತುಗಳನ್ನು ದಿನಾಂಕದೊಡನೆ ಬರೆದಿಟ್ಟುಕೊಳ್ಳಲಿ.

ಈ ಪುಟವನ್ನು ಓದುವ ಯಜಮಾನರಿಗೂ ಒಂದು ಮಾತು. ನಡುರಾತ್ರಿ ಎದ್ದು ಬೆಂಕಿಯನ್ನು ಆರಿಸಿದವನನ್ನು ಹೊಗಳುವಾಗ, ಬೆಂಕಿಯೇ ಬೀಳದಂತೆ ನೋಡಿಕೊಂಡವರನ್ನು ಮರೆಯಬೇಡಿರಿ. ಗಟ್ಟಿಗನಿಗೆ ಕಠಿಣವಾದ ಕೆಲಸವನ್ನೂ ತಕ್ಕ ಗೌರವವನ್ನೂ ಕೊಡಿರಿ. ಜೊತೆಗೆ, ಈ ವರ್ಷ ಎಷ್ಟು ಮಂದಿಯನ್ನು ನಿನ್ನಂತೆ ಮಾಡಿದೆಯೆಂದು ಕೇಳಿರಿ. ಹೇಳಿಯೂ ತಿದ್ದಿಕೊಳ್ಳದವನನ್ನು ಕಳುಹಿಸಿಕೊಡುವ ಧೈರ್ಯವೂ ನಿಮಗಿರಲಿ. ಅವನೊಬ್ಬನು ಹೋದರೆ ಕೆಲಸ ಮುಳುಗುವುದೆಂಬ ಭಯವಿದ್ದರೆ, ಆ ಭಯವೇ ನಿಮ್ಮ ವ್ಯವಸ್ಥೆಯ ದೋಷವನ್ನು ತೋರಿಸುತ್ತದೆ. ಅದನ್ನು ಇಂದೇ ಸರಿಪಡಿಸತೊಡಗಿರಿ.

ಇನ್ನು ರಾಜೀನಾಮೆಯ ಮಾತು. ಬರೆದಿಟ್ಟ ಪತ್ರವನ್ನು ಹರಿಯಬೇಕಾಗಿಲ್ಲ. ಈಗಲೇ ಕಳುಹಿಸಬೇಕಾಗಿಯೂ ಇಲ್ಲ. ಮೂರು ತಿಂಗಳ ಅವಧಿಯನ್ನು ಇಟ್ಟುಕೊಂಡು ಮೇಲಿನ ಮೂರನ್ನೂ ಮಾಡಿ ನೋಡಲಿ. ಅವನು ಬದಲಾಗದಿದ್ದರೂ ಮ್ಯಾನೇಜರನು ತಾಳವನ್ನು ಕೈಗೆತ್ತಿಕೊಂಡರೆ ಅವಳು ನಿಲ್ಲಬಹುದು. ಮ್ಯಾನೇಜರನು ಎಲ್ಲವನ್ನೂ ಕೇಳಿ, ಎಲ್ಲವನ್ನೂ ಬಲ್ಲವನಾಗಿ, ಏನನ್ನೂ ಮಾಡದಿದ್ದರೆ, ಬೇರೊಂದು ಕೆಲಸವನ್ನು ಗೊತ್ತು ಮಾಡಿಕೊಂಡು ಹೊರಡಲಿ, ಅದು ಸೋಲಲ್ಲ. ಆದರೆ ಒಮ್ಮೆಯೂ ಬಾಯ್ದೆರೆಯದೆ ಹೊರಟರೆ, ಆ ಮೌನವು ಅವಳೊಡನೆಯೇ ಮುಂದಿನ ಕಂಪನಿಗೂ ಹೋದೀತು. ಗಟ್ಟಿಗರಿಲ್ಲದ ಗುಂಪು ಅಲ್ಲಿಯೂ ಸಿಕ್ಕದು.

ಕೊನೆಯದಾಗಿ, ಮನೆಯವರಿಗೆ ಸಂಬಂಧಿಸಿದ ಸಂಗತಿಯೊಂದಿದೆ. ಆ ಗಟ್ಟಿಗನೂ ಯಾವುದೋ ಮನೆಯ ಮಗನೇ. ಹೆಚ್ಚು ಅಂಕ ತಂದ ಹುಡುಗನು ಉಂಡ ಬಾಳೆಯನ್ನು ಎತ್ತಬೇಕಾಗಿಲ್ಲ. ಅವನು ತಂಗಿಯ ಮಾತನ್ನು ನಡುವೆಯೇ ಕತ್ತರಿಸಿದರೂ "ಮಾಣಿ ಬಲು ಚುರುಕು" ಎಂದು ನೆಂಟರ ಮುಂದೆ ನಗುತ್ತೇವೆ. ಲೆಕ್ಕ ಬಾರದ ತಮ್ಮನಿಗೆ ಅವನು ಹೇಳಿಕೊಡದೆ ತಾನೇ ಬಿಡಿಸಿಕೊಟ್ಟರೆ, ಬೇಗ ಮುಗಿಯಿತೆಂದು ಸಂತೋಷಪಡುತ್ತೇವೆ. ಬುದ್ಧಿಯಿದ್ದವನಿಗೆ ವಿನಯದಿಂದ ವಿನಾಯಿತಿಯುಂಟೆಂಬ ಪಾಠವನ್ನು ಅವನು ಕಂಪನಿಯಲ್ಲಿ ಕಲಿತುದಲ್ಲ. ಊಟದ ಪಂಕ್ತಿಯಲ್ಲಿ ಕಲಿತುದು. ಹಾಗೆಯೇ, ದೊಡ್ಡ ದನಿಯ ಮುಂದೆ ಸುಮ್ಮನಿರಬೇಕೆಂಬ ಪಾಠವನ್ನು ನಮ್ಮ ಹೆಣ್ಣುಮಕ್ಕಳು ಕಲಿತುದೂ ಅಲ್ಲಿಯೇ.

ಆದುದರಿಂದ ನಂದೊಳ್ಳಿಯ ತಾಯಿಯವರು ಮಗಳಿಗೆ "ಸಹಿಸಿಕೋ" ಎಂದೂ ಹೇಳದಿರಲಿ, "ಬಿಟ್ಟು ಬಾ" ಎಂದೂ ಹೇಳದಿರಲಿ. "ನೀನು ಏನು ಹೇಳಬೇಕೆಂದಿರುವೆ, ಮೊದಲು ನನ್ನ ಮುಂದೆ ಹೇಳು" ಎಂದು ಕೇಳಿ, ಅವಳು ಮುಗಿಸುವವರೆಗೆ ನಡುವೆ ಬಾಯಿ ಹಾಕದೆ ಕುಳಿತುಕೊಳ್ಳಲಿ. ಮನೆಯಲ್ಲಿ ಒಮ್ಮೆ ಪೂರ್ತಿಯಾಗಿ ಆಡಿದ ಮಾತು ಸಭೆಯಲ್ಲಿ ತಾನಾಗಿಯೇ ನಾಲಿಗೆಗೆ ಬರುತ್ತದೆ.